ಹಿರಿಯರ ಷೇರು ಪತ್ರ: ಮುಖಬೆಲೆ ನೋಡಿ ಕಡೆಗಣಿಸದಿರಿ

ಮುಂಬಯಿ: ಕರಾವಳಿಯಿಂದ ಹೊಟ್ಟೆಪಾಡಿಗಾಗಿ ಈ ಮಹಾನಗರಕ್ಕೆ ಬಂದು ಹೊಟೇಲು, ಕಚೇರಿ, ಗಿರಣಿಗಳಲ್ಲಿ ದುಡಿದ ತುಳು-ಕನ್ನಡಿಗರ ಹಳೆಯ ತಲೆಮಾರಿಗೆ ಬ್ಯಾಂಕ್ ಎಂದರೆ ಊರಿನ ಬ್ಯಾಂಕ್. ಆ ಬ್ಯಾಂಕುಗಳು ಸಾರ್ವಜನಿಕರಿಗೆ ಷೇರು ನೀಡಿದಾಗ ನೂರೋ ಇನ್ನೂರೋ ಕೊಂಡಿಟ್ಟವರು ಅನೇಕರು. ಇಂದು ಅವರಲ್ಲಿ ಹಲವರು ನಮ್ಮೊಂದಿಗಿಲ್ಲ. ಮನೆ, ಜಾಗ, ಚಿನ್ನದ ಪಾಲನ್ನು ಅಳೆದು ತೂಗಿ ಮಾಡುವ ಮಕ್ಕಳು ಕಪಾಟಿನಲ್ಲಿರುವ ಷೇರು ಪತ್ರವನ್ನು ಮಾತ್ರ "ತಲಾ 10 ರೂ.ಯ ನೂರು ಷೇರು, ಅಂದರೆ ಸಾವಿರ ರೂಪಾಯಿ" ಎಂದು ಬದಿಗೆ ಸರಿಸುವುದುಂಟು. ತಪ್ಪುವುದು ಇಲ್ಲಿಯೇ. ಪತ್ರದ ಮೇಲೆ ಮುದ್ರಿತವಾಗಿರುವುದು ಮುಖಬೆಲೆ ಮಾತ್ರ. ಷೇರಿನ ಇಂದಿನ ಮೌಲ್ಯ ತಿಳಿಯಬೇಕಾದರೆ ಆ ಸಂಸ್ಥೆಗೆ ಮುಂದೆ ಏನಾಯಿತು ಎಂಬುದನ್ನು ಹುಡುಕಬೇಕು.

ಹೆಸರು ಹೋದರೂ ಹಕ್ಕು ಉಳಿದಿದೆ

ಅತ್ತಾವರ ಬಾಲಕೃಷ್ಣ ಶೆಟ್ಟಿಯವರ ಮುಂದಾಳುತನದಲ್ಲಿ 1931ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ವಿಜಯಾ ಬ್ಯಾಂಕ್ 2019ರ ಎಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡದಲ್ಲಿ ವಿಲೀನವಾಯಿತು. ವಿಜಯಾ ಬ್ಯಾಂಕಿನ 1000 ಷೇರಿಗೆ ಬರೋಡದ 402 ಷೇರು ಎಂಬುದು ಅಂದಿನ ನಿಗದಿ. ಮುಖಬೆಲೆಯಂತೆ ನೋಡಿದರೆ 10,000 ರೂ.ಯ ಪತ್ರ ತಲಾ 2 ರೂ.ಯ 402 ಷೇರಾಗಿ ಬರೇ 804 ರೂ.ಗೆ ಇಳಿದಂತೆ ಕಾಣುತ್ತದೆ. ಆದರೆ 2024ರ ಕೊನೆಯಲ್ಲಿ ಬರೋಡದ ಷೇರು ಪೇಟೆಯಲ್ಲಿ 200 ರೂ.ಗಿಂತ ಮೇಲಿತ್ತು. ಆ ಲೆಕ್ಕದಲ್ಲಿ ಅದೇ 402 ಷೇರುಗಳ ಮೌಲ್ಯ 80 ಸಾವಿರ ರೂ. ದಾಟುತ್ತದೆ.

ಉಡುಪಿಯಲ್ಲಿ 1925ರಲ್ಲಿ ಆರಂಭವಾದ ಸಿಂಡಿಕೇಟ್ ಬ್ಯಾಂಕ್ 2020ರ ಎಪ್ರಿಲ್ 1ರಂದು ಕೆನರಾ ಬ್ಯಾಂಕನ್ನು ಸೇರಿತು. ಆಗ 1000 ಷೇರಿಗೆ ಕೆನರಾದ 158 ಷೇರು ದೊರೆತವು. 2024ರ ಮೇ ತಿಂಗಳಲ್ಲಿ ಕೆನರಾ ಬ್ಯಾಂಕ್ 10 ರೂ.ಯ ಷೇರನ್ನು 2 ರೂ.ಯ ಐದು ಷೇರುಗಳನ್ನಾಗಿ ವಿಭಜಿಸಿದ್ದರಿಂದ ಆ 158 ಈಗ 790 ಆಗಿವೆ. 1906ರಲ್ಲಿ ಉಡುಪಿಯಲ್ಲೇ ಹುಟ್ಟಿದ ಕಾರ್ಪೊರೇಷನ್ ಬ್ಯಾಂಕ್ ಅದೇ ದಿನ ಯೂನಿಯನ್ ಬ್ಯಾಂಕನ್ನು ಸೇರಿದಾಗ 1000ಕ್ಕೆ 330 ಷೇರು ನಿಗದಿಯಾಯಿತು. ಆದರೆ ಅಷ್ಟರಲ್ಲಿ ಅದರ 10 ರೂ.ಯ ಷೇರು 2 ರೂ.ಯ ಐದು ಷೇರಾಗಿ ಒಡೆದಿತ್ತು. ಆದ್ದರಿಂದ ಹಳೆಯ 100 ಷೇರಿನ ಪತ್ರವನ್ನು 500 ಎಂದೆಣಿಸಬೇಕು. ಅದಕ್ಕೆ ಸಲ್ಲುವುದು ಯೂನಿಯನ್ ಬ್ಯಾಂಕಿನ 165 ಷೇರು.

ಪತ್ರದ ತಾರೀಕನ್ನೂ ನೋಡಬೇಕು. ಸಿಂಡಿಕೇಟ್ ಬ್ಯಾಂಕ್ 1969ರಲ್ಲಿ, ವಿಜಯಾ ಮತ್ತು ಕಾರ್ಪೊರೇಷನ್ ಬ್ಯಾಂಕುಗಳು 1980ರಲ್ಲಿ ರಾಷ್ಟ್ರೀಕರಣಗೊಂಡವು. ಅದಕ್ಕೆ ಹಿಂದಿನ ಪತ್ರಗಳು ಇಂದಿನ ಬ್ಯಾಂಕಿನ ಷೇರುಗಳಾಗುವುದಿಲ್ಲ. ರಾಷ್ಟ್ರೀಕರಣದ ವೇಳೆಯೇ ಪರಿಹಾರ ಗೊತ್ತುಪಡಿಸಲಾಗಿತ್ತು. ಈ ಬ್ಯಾಂಕುಗಳು ಮತ್ತೆ ಸಾರ್ವಜನಿಕರಿಗೆ ಷೇರು ನೀಡಿದ್ದು ಕ್ರಮವಾಗಿ 1999, 2000 ಹಾಗೂ 1997ರಲ್ಲಿ.

ಬೋನಸ್ ಷೇರುಗಳ ಲೆಕ್ಕ ಇನ್ನೂ ದೊಡ್ಡದು. ಇನ್ಫೋಸಿಸ್ 2004ರಲ್ಲಿ ಒಂದಕ್ಕೆ ಮೂರು, ಮುಂದೆ 2006, 2014, 2015 ಮತ್ತು 2018ರಲ್ಲಿ ಒಂದಕ್ಕೊಂದು ಬೋನಸ್ ನೀಡಿದೆ. 2004ರ ಆರಂಭದಲ್ಲಿ ಹತ್ತು ಷೇರಿದ್ದವರ ಹೆಸರಿನಲ್ಲಿ ಈಗ 640 ಷೇರುಗಳಿರಬೇಕು.

ಪಾಲು ಯಾರಿಗೆ?

ಉಯಿಲು ಬರೆಯದೆ ತೀರಿಕೊಂಡ ಹಿಂದೂ ಪುರುಷನ ಸ್ವಯಾರ್ಜಿತ ಷೇರುಗಳಲ್ಲಿ ಪತ್ನಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಹಾಗೂ ಬದುಕಿದ್ದರೆ ತಾಯಿ, ಇವರೆಲ್ಲರಿಗೂ 1956ರ ಉತ್ತರಾಧಿಕಾರ ಕಾಯಿದೆಯಂತೆ ಸಮಪಾಲು. ನಾಮಿನಿಯಾಗಿ ಹೆಸರಿದ್ದ ಮಾತ್ರಕ್ಕೆ ಒಬ್ಬರೇ ಒಡೆಯರಾಗುವುದಿಲ್ಲ ಎಂದು ಕಂಪನಿ ಷೇರುಗಳ ವಿಷಯದಲ್ಲಿ ಸುಪ್ರೀಂ ಕೋರ್ಟ್ 2023ರ ಡಿಸೆಂಬರಿನಲ್ಲಿ ತೀರ್ಪು ನೀಡಿದೆ. ವರ್ಗಾವಣೆಗೆ ಉಳಿದ ವಾರಸುದಾರರ ಒಪ್ಪಿಗೆ ಪತ್ರ ಕೇಳುತ್ತಾರೆ. ಊರಿನಲ್ಲಿರುವ ಅಕ್ಕ-ತಂಗಿಯರು "ಸಾವಿರ ರೂಪಾಯಿಯ ಕಾಗದವಲ್ಲವೇ" ಎಂಬ ಮಾತು ನಂಬಿ ಸಹಿ ಹಾಕಿ, ಅನಂತರ ಲಕ್ಷದ ಲೆಕ್ಕ ತಿಳಿದರೆ ಮುರಿಯುವುದು ಸಂಬಂಧ. ಸಹಿಗೆ ಮೊದಲು ಷೇರುಗಳ ಈಗಿನ ಸಂಖ್ಯೆ, ಆ ದಿನದ ಪೇಟೆ ಬೆಲೆ ಮತ್ತು ಬಾಕಿ ಲಾಭಾಂಶವನ್ನು ಒಂದು ಹಾಳೆಯಲ್ಲಿ ಬರೆದು ಎಲ್ಲರ ಮುಂದಿಡುವುದು ಲೇಸು.

ಮಾಡಬೇಕಾದುದೇನು?

ಮೊದಲಿಗೆ ಫೋಲಿಯೋ ಸಂಖ್ಯೆಯೊಂದಿಗೆ ಸಂಸ್ಥೆಯ ಷೇರು ವಿಭಾಗಕ್ಕೆ ಅಥವಾ ಅದರ ರಿಜಿಸ್ಟ್ರಾರ್‌ಗೆ ಬರೆಯಬೇಕು. ಚಾಳಿನ ಹಳೆಯ ವಿಳಾಸಕ್ಕೆ ಹೋದ ಲಾಭಾಂಶದ ವಾರಂಟುಗಳು ಹಿಂದಿರುಗಿರುವ ಸಾಧ್ಯತೆಯಿದೆ. ಸತತ ಏಳು ವರ್ಷ ಲಾಭಾಂಶ ಪಡೆಯದಿದ್ದರೆ ಕಂಪನಿ ಕಾಯಿದೆಯಂತೆ ಷೇರುಗಳೇ ಕೇಂದ್ರ ಸರಕಾರದ ಹೂಡಿಕೆದಾರರ ಶಿಕ್ಷಣ ಮತ್ತು ರಕ್ಷಣಾ ನಿಧಿಗೆ ಹೋಗುತ್ತವೆ. ವಾರಸುದಾರರ ಕೈಗೆ ಸಿಗದ ಷೇರುಗಳನ್ನು ಈ ನಿಧಿಗೆ ವರ್ಗಾಯಿಸಲು ಸಾರ್ವಜನಿಕ ರಂಗದ ಬ್ಯಾಂಕುಗಳಿಗೂ 2025ರ ಆಗಸ್ಟ್ 1ರಿಂದ ಅವಕಾಶ ದೊರೆತಿದೆ. ಅಲ್ಲಿಗೆ ಹೋದರೂ ಹಕ್ಕು ಅಳಿಯುವುದಿಲ್ಲ. ದಾಖಲೆ ನೀಡಿ ಮರಳಿ ಪಡೆಯಬಹುದು. ಆದರೆ ಅಲೆದಾಟ ಹೆಚ್ಚು.

2019ರ ಎಪ್ರಿಲ್‌ನಿಂದ ಕಾಗದದ ಷೇರುಗಳ ಮಾರಾಟ-ವರ್ಗಾವಣೆ ನಿಂತಿದ್ದರೂ ವಾರಸುದಾರರಿಗೆ ವರ್ಗಾಯಿಸಲು ಅಡ್ಡಿಯಿಲ್ಲ. ಷೇರುಗಳು ಡಿಮ್ಯಾಟ್ ಖಾತೆಗೆ ಬರುತ್ತವೆ. ಮರಣ ಪ್ರಮಾಣ ಪತ್ರ, ಪ್ಯಾನ್, ವಾರಸುದಾರಿಕೆಯ ದಾಖಲೆ ಸಿದ್ಧವಿರಲಿ. ನಮ್ಮವರಿಗೆ ಹೆಚ್ಚಾಗಿ ತೊಡಕಾಗುವುದು ಹೆಸರು: ಪತ್ರದಲ್ಲಿ ಊರು-ಮನೆತನದ ಇನಿಷಿಯಲ್, ಮುಂಬಯಿಯ ದಾಖಲೆಯಲ್ಲಿ ತಂದೆಯ ಹೆಸರು ಮತ್ತು ಕುಲನಾಮ. ಇಬ್ಬರೂ ಒಬ್ಬರೇ ಎಂಬ ಅಫಿದವಿತ್ ಬೇಕಾಗುತ್ತದೆ.

ಪಿತ್ರಾರ್ಜಿತವಾಗಿ ಬಂದ ಮಾತ್ರಕ್ಕೆ ತೆರಿಗೆಯಿಲ್ಲ. ಮಾರಿದಾಗ ಬರುವ ಲಾಭದ ಲೆಕ್ಕಕ್ಕೆ ಹಿರಿಯರು ಕೊಂಡ ಬೆಲೆ ಹಾಗೂ ತಾರೀಕು ಬೇಕಾಗುವುದರಿಂದ ಹಳೆಯ ರಸೀದಿ, ಬ್ಯಾಂಕ್ ಪುಸ್ತಕಗಳನ್ನು ರದ್ದಿಗೆ ಹಾಕಬಾರದು.

ಇದು ಬದುಕಿರುವ ಹಿರಿಯರಿಗೂ ಸಲ್ಲುವ ಮಾತು. ತಮ್ಮಲ್ಲಿರುವ ಪತ್ರಗಳ ಪಟ್ಟಿಯೊಂದನ್ನು ಇಂದೇ ಬರೆದಿಟ್ಟು, ಅದು ಎಲ್ಲಿದೆಯೆಂದು ಮಗನಿಗೂ ಮಗಳಿಗೂ ಸಮಾನವಾಗಿ ತಿಳಿಸಿದರೆ ನಾಳೆ ಮಕ್ಕಳು ಕಚೇರಿಯಿಂದ ಕಚೇರಿಗೆ ಅಲೆಯುವುದು ತಪ್ಪುತ್ತದೆ.