ಕೊಳವೆಬಾವಿಯ ನೀರಿಗೆ ಸುಣ್ಣ–ಪಟಿಕದ ಅಳತೆ

ಭಾರತ ಹುಣ್ಣಿಮೆಯ ಕಾಲಕ್ಕೆ ಮೈಲಾರಲಿಂಗನ ಕಾರಣಿಕ ಕೇಳಲು ಬರುವ ಭಕ್ತರಿಗೆ ತುಂಗಭದ್ರೆಯ ನೀರುಂಟು. ಹೊಳೆಯಿಂದ ದೂರ ಸರಿದು ಹಡಗಲಿ, ಹರಪನಹಳ್ಳಿ, ಕೊಟ್ಟೂರು, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿಗಳ ಒಣಭೂಮಿಯ ಊರುಗಳಿಗೆ ಬಂದರೆ ಬಹುಕಾಲದಿಂದ ಕೊಳವೆಬಾವಿಯೇ ಆಧಾರ. ಈ ಸೀಮೆಯ ಹಲವು ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚಾಗಿದೆ. ಎಳೆಯ ಮಕ್ಕಳ ಹಲ್ಲಿನ ಮೇಲೆ ಹಳದಿ, ಕಂದು ಕಲೆ ಮೂಡುವುದು ಇದರಿಂದಲೇ. ಹಲ್ಲುಜ್ಜದ ಮಕ್ಕಳೆಂದು ಅವರನ್ನು ಗದರುವುದು ನ್ಯಾಯವಲ್ಲ. ಎಷ್ಟು ಉಜ್ಜಿದರೂ ಆ ಕಲೆ ಹೋಗದು. ಪ್ರಮಾಣ ಬಹಳ ಹೆಚ್ಚಿ, ವರ್ಷಗಟ್ಟಲೆ ಕುಡಿದರೆ ಬೆನ್ನೆಲುಬು, ಕೀಲುಗಳು ಬಿಗಿಯುತ್ತವೆ. ನಮ್ಮ ದೇಶದಲ್ಲಿ ಎಲುಬಿನ ಈ ರೋಗವನ್ನು ವೈದ್ಯರು ಮೊದಲು ವರದಿ ಮಾಡಿದ್ದು 1937ರಲ್ಲಿ, ಮದರಾಸು ಪ್ರಾಂತದ ನೆಲ್ಲೂರು ಜಿಲ್ಲೆಯಿಂದ. ಬಳ್ಳಾರಿ ಸೀಮೆಯೂ ಆಗ ಅದೇ ಪ್ರಾಂತಕ್ಕೆ ಸೇರಿತ್ತು.

ನೀರು ಸಿಹಿಯಾಗಿದೆ, ಹಂಡೆಯಲ್ಲಿ ಬಿಳಿ ಹಕ್ಕಳೆ ಕಟ್ಟುವುದಿಲ್ಲ, ಆದ್ದರಿಂದ ಒಳ್ಳೆಯದು ಎಂಬ ನಂಬಿಕೆ ಮನೆಮನೆಯಲ್ಲಿದೆ. ವಿಷಯ ಹಲವೊಮ್ಮೆ ಇದಕ್ಕೆ ವಿರುದ್ಧ. ಹಕ್ಕಳೆ ಕಟ್ಟುವುದು ಕ್ಯಾಲ್ಸಿಯಂನಿಂದ. ಕ್ಯಾಲ್ಸಿಯಂ ಹೇರಳವಾಗಿದ್ದಲ್ಲಿ ಅದು ಫ್ಲೋರೈಡನ್ನು ಹಿಡಿದು ಕೆಳಗಿಳಿಸುತ್ತದೆ. ಕಲ್ಲಿನ ಸಂದಿನಲ್ಲಿ ಬಹುಕಾಲ ನಿಂತ ನೀರಿನಲ್ಲಿ ಬೈಕಾರ್ಬೊನೇಟು, ಅಂದರೆ ಕ್ಷಾರತೆ, ಏರುತ್ತದೆ. ಕ್ಯಾಲ್ಸಿಯಂ ಸುಣ್ಣದ ಹರಳಾಗಿ ನೆಲದಲ್ಲೇ ಉಳಿಯುತ್ತದೆ. ಫ್ಲೋರೈಡು ತಡೆಯಿಲ್ಲದೆ ನೀರಿಗಿಳಿಯುತ್ತದೆ. ನಾಲಗೆ ಇದನ್ನು ತಿಳಿಯಲಾರದು. ಇಷ್ಟಲಿಂಗದ ಮಜ್ಜನಕ್ಕೆಂದು ನೀರನ್ನು ಬಟ್ಟೆಯಲ್ಲಿ ಸೋಸುವ ಪದ್ಧತಿ ನಮ್ಮಲ್ಲುಂಟು. ಸೋಸುವುದರಿಂದಲೂ ಫ್ಲೋರೈಡ್ ಹೋಗದು, ಕುದಿಸಿದರಂತೂ ಉಳಿದ ನೀರಿನಲ್ಲಿ ಇನ್ನಷ್ಟು ಸಾಂದ್ರವಾಗುತ್ತದೆ.

ಊರಿನ ಶುದ್ಧ ನೀರಿನ ಘಟಕ ಸರಿಯಾಗಿ ನಡೆಯುತ್ತಿದ್ದರೆ ಅಥವಾ ಹೊಳೆಯ ನೀರಿನ ನಲ್ಲಿ ಬಂದಿದ್ದರೆ ಅದನ್ನೇ ಕುಡಿಯಬೇಕು. ಅದಿಲ್ಲದ ಮನೆಗೆ ನಾಗಪುರದ ರಾಷ್ಟ್ರೀಯ ಪರಿಸರ ಇಂಜಿನಿಯರಿಂಗ್ ಸಂಶೋಧನಾ ಸಂಸ್ಥೆಯವರು ರೂಪಿಸಿದ, ನಲ್ಗೊಂಡ ವಿಧಾನವೆಂದು ಹೆಸರಾದ ಕ್ರಮವಿದೆ. ಬೇಕಾದುದು ಪಟಿಕ ಮತ್ತು ಅರಳಿಸಿದ ಸುಣ್ಣದ ಒಣ ಪುಡಿ, ಎರಡೇ. ಎಷ್ಟು ಎಂಬುದು ನೀರಿನ ಕ್ಷಾರತೆಯ ಮೇಲೆ ನಿಂತಿದೆ. ಪಟಿಕವು ಕ್ಷಾರತೆಯನ್ನು ತಿನ್ನುತ್ತದೆ; ಹೀಗಾಗಿ ಕ್ಷಾರತೆ ಹೆಚ್ಚಿದಷ್ಟೂ ಪಟಿಕ ಹೆಚ್ಚು ಬೇಕು, ಸುಣ್ಣ ಕಡಿಮೆಯಾದರೆ ನೀರು ಹುಳಿಯಾಗುತ್ತದೆ. ಹೊರದೇಶಗಳಲ್ಲಿ ಮನೆಯ ಗಾಜಿನ ತೊಟ್ಟಿಯಲ್ಲಿ ಹವಳದ ಜೀವಿಗಳನ್ನು ಸಾಕುವವರೂ ಕ್ಯಾಲ್ಸಿಯಂ ಮತ್ತು ಕ್ಷಾರತೆಯನ್ನು ಅಳೆದು ನೋಡಿಯೇ ಸುಣ್ಣದ ತಿಳಿನೀರನ್ನು ಹನಿಹನಿಯಾಗಿ ಬಿಡುತ್ತಾರಂತೆ. ಹವಳಕ್ಕೆ ತೋರುವ ಆ ಎಚ್ಚರ ಮಕ್ಕಳ ಲೋಟಕ್ಕೆ ಬೇಡವೆ?

ಆದ್ದರಿಂದ ಮೊದಲು ಪರೀಕ್ಷೆ. ಗ್ರಾಮ ಪಂಚಾಯಿತಿಯಲ್ಲಿ ವಿಚಾರಿಸಿ, ಜಿಲ್ಲಾ ಪ್ರಯೋಗಾಲಯದಿಂದ ಫ್ಲೋರೈಡ್ ಮತ್ತು ಕ್ಷಾರತೆ ಎರಡನ್ನೂ ಬರೆಸಿಕೊಳ್ಳಬೇಕು. ಲೀಟರಿಗೆ 1 ಮಿ.ಗ್ರಾಂ ಒಳಗಿದ್ದರೆ ಚಿಂತೆಯಿಲ್ಲ. ಬೇರೆ ನೀರೇ ಇಲ್ಲದಲ್ಲಿ 1.5ರವರೆಗೆ ಸಮ್ಮತಿಯಿದೆ. ಉದಾಹರಣೆಗೆ, ಫ್ಲೋರೈಡ್ 3, ಕ್ಷಾರತೆ 300 ಇದ್ದರೆ ಲೀಟರಿಗೆ ಸುಮಾರು 350 ಮಿ.ಗ್ರಾಂ ಪಟಿಕ, ಅದರ ಇಪ್ಪತ್ತರಲ್ಲೊಂದು ಪಾಲು ಸುಣ್ಣ. 20 ಲೀಟರಿನ ಬಕೆಟ್ಟಿಗೆ ಇದು 7 ಗ್ರಾಂ ಮತ್ತು 0.35 ಗ್ರಾಂ. ಇಷ್ಟು ಚಿಕ್ಕ ತೂಕ ಮನೆಯ ತಕ್ಕಡಿಗೆ ನಿಲುಕದು. 70 ಗ್ರಾಂ ಪಟಿಕವನ್ನು ಒಂದು ಲೀಟರು ನೀರಿನಲ್ಲಿ ಕರಗಿಸಿ, 3.5 ಗ್ರಾಂ ಸುಣ್ಣವನ್ನು ಇನ್ನೊಂದು ಲೀಟರಿನಲ್ಲಿ ಕಲಸಿ, ಎರಡು ಬಾಟಲಿಗಳಲ್ಲಿಟ್ಟುಕೊಂಡರೆ ಸುಲಭ. ಇವುಗಳಲ್ಲಿ ತಲಾ 100 ಮಿಲಿ ಒಂದು ಬಕೆಟ್ಟಿಗೆ ಸಾಕು. ಸುಣ್ಣದ ಬಾಟಲಿಯನ್ನು ಪ್ರತಿಸಲ ಚೆನ್ನಾಗಿ ಅಲುಗಿಸಬೇಕು. ಎಲೆಯಡಿಕೆಯ ಹಸಿಸುಣ್ಣ ಈ ಲೆಕ್ಕಕ್ಕೆ ಬಾರದು, ಅದರಲ್ಲಿ ನೀರಿದೆ.

ಮೊದಲು ಸುಣ್ಣ, ಬಳಿಕ ಪಟಿಕ. ಒಂದು ನಿಮಿಷ ಜೋರಾಗಿ, ಐದು ನಿಮಿಷ ನಿಧಾನವಾಗಿ ಕಲಕಿ, ಒಂದು ಗಂಟೆ ಅಲುಗಿಸದೆ ಬಿಡಬೇಕು. ಹತ್ತಿಯಂತಹ ಗಸಿ ತಳಕ್ಕಿಳಿದ ಮೇಲೆ ಮೇಲಿನ ತಿಳಿನೀರನ್ನು ಮಾತ್ರ ಬಟ್ಟೆಯಲ್ಲಿ ಸೋಸಿಕೊಳ್ಳಬೇಕು. ಹೀಗೆ ಮಾಡಿದ ಮೊದಲ ಬಕೆಟ್ಟಿನ ನೀರನ್ನು ಕುಡಿಯುವ ಮುನ್ನ ಮತ್ತೆ ಪ್ರಯೋಗಾಲಯಕ್ಕೆ ಕಳುಹಿಸಿ, ಫ್ಲೋರೈಡಿನ ಜೊತೆಗೆ ಅಲ್ಯುಮಿನಿಯಂ ಉಳಿದಿದೆಯೇ ಎಂಬುದನ್ನೂ ನೋಡಿಸುವುದು ಲೇಸು. ತಳದ ಗಸಿಯಲ್ಲಿ ಹಿಡಿದ ಫ್ಲೋರೈಡ್ ಇರುತ್ತದೆ. ಅದನ್ನು ದನಗಳ ಬಾನಿಗಾಗಲಿ ಬಾವಿಯ ಬಳಿಗಾಗಲಿ ಚೆಲ್ಲದೆ, ದೂರದಲ್ಲಿ ಗುಂಡಿ ತೋಡಿ ಹುಗಿಯತಕ್ಕದ್ದು.