ಆಂಪ್ಲಿಫೈಯರ್ ಗುಂಯ್ ಅನ್ನುತ್ತೆ, ಟ್ರಾನ್ಸ್‌ಫಾರ್ಮರ್ ಸುಡುತ್ತೆ: ಬದಲಿಸುವ ಮೊದಲು ಇದೊಂದು ಮಾಡಿ

ಚೆಂಬೂರಿನಿಂದ ಮಾತಾಡ್ತಾ ಇದ್ದೇನೆ. ಹಳೆ ಆಂಪ್ಲಿಫೈಯರ್ ಇಟ್ಟುಕೊಂಡವರು ಪದೇ ಪದೇ ಕೇಳುವ ಪ್ರಶ್ನೆ ಇದು: ಟ್ರಾನ್ಸ್‌ಫಾರ್ಮರ್ ಕಾಯುತ್ತೆ, ಹೊಸದು ಹಾಕಿಸಬೇಕಾ? ಸ್ವಲ್ಪ ತಡೀರಿ ಮಾರಾಯ್ರೇ. ಕಾಯುವುದು ಅದು, ಆದರೆ ಕಾಯಿಸುವವನು ಬೇರೆ ಇರಬಹುದು.

ಮೊದಲು ಸದ್ದು. ನಮ್ಮ ಕರೆಂಟು 50 ಹರ್ಟ್ಸ್. ಒಂದು ಸೈಕಲ್ಲಿಗೆ ಎರಡು ಸಲ ಕೋರ್ ಕಬ್ಬಿಣ ಕೂದಲೆಳೆಗಿಂತಲೂ ಕಡಿಮೆ ಹಿಗ್ಗಿ ಕುಗ್ಗುತ್ತದೆ, ಹಾಗಾಗಿ 100 ಹರ್ಟ್ಸ್‌ನ ಗುಂಯ್. ಪೆಟ್ಟಿಗೆಗೆ ಕಿವಿ ಕೊಟ್ಟರೆ ಮಾತ್ರ ಕೇಳುವಷ್ಟಿದ್ದರೆ ಬಿಟ್ಟುಬಿಡಿ. ಸದ್ದು ಸ್ಪೀಕರಿನಿಂದ ಬರುತ್ತಾ ಇದ್ದರೆ ಅದು ಬೇರೆಯೇ ಕಥೆ, ಇನ್ನೊಂದು ವಿಡಿಯೋದಲ್ಲಿ ನೋಡುವ.

ಇನ್ನು ಬಿಸಿ. ಕೈ ಸುಟ್ಟಿತು ಅನ್ನುವುದು ಅಳತೆಯಲ್ಲ, 60 ಡಿಗ್ರಿಗೇ ಕೈ ಇಡಲಿಕ್ಕಾಗುವುದಿಲ್ಲ. ಪ್ಲಗ್ ತೆಗೆದು, ತಣ್ಣಗಿರುವಾಗ ಪ್ರೈಮರಿಯ ಓಮ್ ಅಳೆದಿಡಿ. ಒಂದು ಗಂಟೆ ಹಾಡು ಹಾಕಿ, ಪ್ಲಗ್ ತೆಗೆದು ಕೂಡಲೇ ಮತ್ತೆ ಅಳೆಯಿರಿ. ತಾಮ್ರದ ರೆಸಿಸ್ಟೆನ್ಸ್ ಒಂದು ಡಿಗ್ರಿಗೆ ಸುಮಾರು 0.4 ಶೇಕಡಾ ಏರುತ್ತದೆ. 10 ಓಮ್ ಇದ್ದದ್ದು 12 ಆದರೆ ಸುತ್ತು 50 ಡಿಗ್ರಿ ಏರಿದೆ ಅಂತ ಲೆಕ್ಕ. ಮೇ ತಿಂಗಳ ಮುಂಬಯಿಯ 34 ಸೇರಿಸಿ, 84. ಹಳೇ ಕ್ಲಾಸ್ ಎ ಇನ್ಸುಲೇಷನ್ನಿನ ಮಿತಿ 105. ಬದುಕುತ್ತೆ. ಸೆಟ್ಟಿನ ಮೇಲೆ ಹೊದಿಸಿದ ಕಸೂತಿ ಬಟ್ಟೆ ಮಾತ್ರ ತೆಗೀರಿ.

ಆದರೆ ಐದೇ ನಿಮಿಷಕ್ಕೆ ವಾರ್ನಿಷ್ ವಾಸನೆ ಬಂದರೆ? ನಮ್ಮ ಬಿಲ್ಡಿಂಗಿನ ಹಿರಿಯರೊಬ್ಬರ ಸೆಟ್ಟು ಹಾಗೇ ಇತ್ತು. ಬೆಳಿಗ್ಗೆ ಭಜನೆ, ಸಂಜೆ ಯಕ್ಷಗಾನದ ಕ್ಯಾಸೆಟ್, ಅದಿಲ್ಲದಿದ್ದರೆ ಅವರಿಗೆ ದಿನ ಹೋಗುವುದಿಲ್ಲ. ರಿಪೇರಿಯವರು ಟ್ರಾನ್ಸ್‌ಫಾರ್ಮರ್ ಹೋಗಿದೆ, ಸೆಟ್ಟು ಗುಜರಿಗೆ ಹಾಕಿ ಅಂದಿದ್ದರಂತೆ.

ನಾನು ಸೀರೀಸ್ ಬಲ್ಬ್ ಹಾಕಿದೆ. 60 ವ್ಯಾಟಿನ ಹಳೇ ತಂತಿ ಬಲ್ಬೇ ಬೇಕು, ಎಲ್ಇಡಿ ನಡೆಯುವುದಿಲ್ಲ. ಪ್ಲಗ್ ತೆಗೆದು, ದೊಡ್ಡ ಕೆಪಾಸಿಟರುಗಳನ್ನು ರೆಸಿಸ್ಟರ್ ಮೂಲಕ ಖಾಲಿ ಮಾಡಿ (ಸ್ಕ್ರೂಡ್ರೈವರ್ ಇಟ್ಟು ಕಿಡಿ ಹಾರಿಸುವ ಚಟ ಬೇಡ), ಸೆಕೆಂಡರಿ ತಂತಿಗಳನ್ನೆಲ್ಲ ಬಿಚ್ಚಿ, ತುದಿಗೆ ಟೇಪ್ ಸುತ್ತಿ, ಬಲ್ಬಿನ ಮೂಲಕ ಕರೆಂಟು ಕೊಟ್ಟೆ. ಬಲ್ಬ್ ಒಮ್ಮೆ ಮಿನುಗಿ ಆರಿತು. ಅಂದರೆ ಸುತ್ತು ಶಾರ್ಟ್ ಇಲ್ಲ. ಮತ್ತೆ ಪ್ಲಗ್ ತೆಗೆದು ಬ್ರಿಡ್ಜ್ ರೆಕ್ಟಿಫೈಯರ್ ಒಂದನ್ನೇ ಜೋಡಿಸಿದೆ, ಬಲ್ಬ್ ಝಗ್ಗಂತ ಉರಿಯಿತು! ಒಳಗಿನ ಒಂದು ಡಯೋಡ್ ಶಾರ್ಟ್. ಫ್ಯೂಸ್ ಯಾಕೆ ಹೋಗಲಿಲ್ಲ ಅಂತ ನೋಡಿದರೆ, ಅದರ ಜಾಗದಲ್ಲಿ ಯಾರೋ ದಪ್ಪ ತಂತಿ ಸುತ್ತಿದ್ದಾರೆ. ಮನೆಗೆ ಬೆಂಕಿ ಬೀಳದೆ ಇದ್ದದ್ದು ಪುಣ್ಯ.

ನೆನಪಿಡಿ, ಬಲ್ಬ್ ಇದ್ದರೂ ಶಾಕ್ ಹೊಡೆಯುತ್ತದೆ. ಕರೆಂಟು ಇರುವಾಗ ಒಳಗೆ ಕೈ ಹಾಕಬೇಡಿ. ಅಭ್ಯಾಸ ಇಲ್ಲದವರು ತಿಳಿದವರ ಹತ್ತಿರ ಮಾಡಿಸಿ.

ಎಲ್ಲ ಬಿಚ್ಚಿದ ಮೇಲೂ ಬಲ್ಬ್ ಜೋರಾಗಿ ಉರಿದರೆ ಮಾತ್ರ ಸುತ್ತು ಸುಟ್ಟಿದೆ, ರಿವೈಂಡಿಂಗ್ ಬೇಕು. ದುಂಡಗಿನ ಟೊರಾಯ್ಡ್ ಆದರೆ ಇನ್ನೊಂದು ನೋಡಿ: ನಡುವಿನ ಬೋಲ್ಟಿನ ಮೇಲ್ತುದಿ ಮುಚ್ಚಳಕ್ಕೆ ತಾಗಿದರೆ ಅದೇ ಒಂದು ಶಾರ್ಟ್ ಸುತ್ತಾಗುತ್ತದೆ. ಲ್ಯಾಮಿಂಗ್ಟನ್ ರೋಡಿಗೆ ಹೋಗುವುದಾದರೆ ತಂತಿಗಳ ಬಣ್ಣ, ಯಾವುದು ಎಲ್ಲಿಗೆ ಅಂತ ಫೋಟೋ ತೆಗೆದು, ಹಳೇ ಟ್ರಾನ್ಸ್‌ಫಾರ್ಮರನ್ನೇ ಚೀಲದಲ್ಲಿ ಹಾಕಿಕೊಂಡು ಹೋಗಿ.