ಯಾಂತ್ರೀಕೃತ ಮೀನುಗಾರಿಕಾ ದೋಣಿಗಳ ಡೀಸೆಲ್ ಎಂಜಿನ್ ಅತಿಯಾಗಿ ಬಿಸಿಯಾಗುವಿಕೆ: ಕಾರಣಗಳು ಮತ್ತು ಪರಿಹಾರ

ದಕ್ಷಿಣ ಕನ್ನಡ, ಉಡುಪಿ ಹಾಗೂ ಉತ್ತರ ಕನ್ನಡ ಜಿಲ್ಲೆಗಳ ಬಂದರುಗಳಿಂದ ಮೀನುಗಾರಿಕೆಗೆ ತೆರಳುವ ಟ್ರಾಲ್ ಮತ್ತು ಪರ್ಸೀನ್ ದೋಣಿಗಳು ಡೀಸೆಲ್ ಎಂಜಿನ್ನನ್ನೇ ಅವಲಂಬಿಸಿರುತ್ತವೆ. ಆಳಸಮುದ್ರಕ್ಕೆ ಹೋದ ದೋಣಿಯು ಹಲವು ದಿನ ದಡದಿಂದ ದೂರವಿರುವುದರಿಂದ, ಎಂಜಿನ್ ಕೆಟ್ಟುನಿಂತಲ್ಲಿ ಹಿಡಿದ ಮೀನು ಹಾಗೂ ತುಂಬಿದ ಮಂಜುಗಡ್ಡೆ ನಷ್ಟವಾಗುವುದಷ್ಟೇ ಅಲ್ಲದೆ, ಗಾಳಿ ಮತ್ತು ಒಯ್ಲಿಗೆ ಸಿಕ್ಕ ದೋಣಿಯಲ್ಲಿರುವವರ ಪ್ರಾಣಕ್ಕೂ ಅಪಾಯ ಒದಗುತ್ತದೆ. ಎಂಜಿನ್ ಅತಿಯಾಗಿ ಬಿಸಿಯಾದಾಗ ಮೊದಲಿಗೇ ಅದರ ಒಳಭಾಗಗಳನ್ನು ಬಿಚ್ಚಲು ತೊಡಗುವುದು ಸರಿಯಾದ ಕ್ರಮವಲ್ಲ. ದೋಷವು ಸಾಮಾನ್ಯವಾಗಿ ನೀರು ಹರಿಯುವ ಹಾದಿಯಲ್ಲಿ ಇರುವುದರಿಂದ, ಆ ಹಾದಿಯನ್ನು ಸಮುದ್ರದ ಕಡೆಯಿಂದ ಆರಂಭಿಸಿ ಒಳಮುಖವಾಗಿ ಪರಿಶೀಲಿಸತಕ್ಕದ್ದು.

ಎಂಜಿನ್ ತಂಪಾಗುವ ಬಗೆ

ಕೆಲವು ದೋಣಿಗಳಲ್ಲಿ ಸಮುದ್ರದ ನೀರೇ ನೇರವಾಗಿ ಎಂಜಿನ್ನಿನೊಳಗೆ ಹರಿದು ಹೊರಬೀಳುತ್ತದೆ. ಇಂತಹ ಎಂಜಿನ್ನಿನಲ್ಲಿ ಉಷ್ಣತೆಯು ಸುಮಾರು 60 ಡಿಗ್ರಿ ಸೆಲ್ಸಿಯಸ್ ಮೀರಿದಲ್ಲಿ ಉಪ್ಪು ಒಳಗೋಡೆಗೆ ಕಟ್ಟತೊಡಗುತ್ತದೆ. ಉಳಿದವುಗಳಲ್ಲಿ ಎಂಜಿನ್ನಿನೊಳಗೆ ಸಿಹಿನೀರು ಅಥವಾ ಕೂಲಂಟ್ ಸುತ್ತುತ್ತಿದ್ದು, ಹೀಟ್ ಎಕ್ಸ್‌ಚೇಂಜರ್ ಎಂಬ ಭಾಗದಲ್ಲಿ ಸಮುದ್ರದ ನೀರು ಅದರ ಶಾಖವನ್ನು ಹೊತ್ತೊಯ್ಯುತ್ತದೆ. ಇವು ಸಾಮಾನ್ಯವಾಗಿ 75ರಿಂದ 90 ಡಿಗ್ರಿಯವರೆಗೆ ನಡೆಯುತ್ತವೆ. ದೋಣಿಯ ತಳದ ಹೊರಬದಿಯಲ್ಲಿ ಕೊಳವೆ ಅಳವಡಿಸಿ ಸಿಹಿನೀರನ್ನು ತಂಪುಗೊಳಿಸುವ ವಿಧಾನವೂ ಉಂಟು. ತಮ್ಮ ದೋಣಿಯಲ್ಲಿ ಯಾವ ವ್ಯವಸ್ಥೆಯಿದೆ ಎಂಬುದನ್ನೂ ಎಂಜಿನ್ ತಯಾರಕರು ನಿಗದಿಪಡಿಸಿದ ಉಷ್ಣತೆಯನ್ನೂ ಮಾಲೀಕರು ಮಾತ್ರವಲ್ಲದೆ ತಾಂಡೇಲರೂ ತಿಳಿದಿರುವುದು ಅವಶ್ಯ.

ಸಮುದ್ರದಲ್ಲಿರುವಾಗ ಕೈಗೊಳ್ಳಬೇಕಾದ ಕ್ರಮ

ಉಷ್ಣತಾ ಮಾಪಕದ ಮುಳ್ಳು ಏರತೊಡಗಿದ ಕೂಡಲೇ ವೇಗವನ್ನು ತಗ್ಗಿಸಿ, ಗೇರನ್ನು ತಟಸ್ಥ ಸ್ಥಿತಿಗೆ ತಂದು, ದೋಣಿಯ ಬದಿಯಿಂದ ಹೊರಬೀಳುವ ನೀರನ್ನು ನೋಡತಕ್ಕದ್ದು. ನೀರು ಎಂದಿನಂತೆ ಬೀಳುತ್ತಿದ್ದಲ್ಲಿ ಎಂಜಿನ್ನನ್ನು ಕೆಲವು ನಿಮಿಷ ನಿಧಾನಗತಿಯಲ್ಲಿ ನಡೆಸುವುದರಿಂದ ಶಾಖವು ಸಮನಾಗಿ ಇಳಿಯುತ್ತದೆ. ನೀರು ನಿಂತಿದ್ದಲ್ಲಿ, ಹಬೆ ಬರುತ್ತಿದ್ದಲ್ಲಿ ಅಥವಾ ಆಯಿಲ್ ಒತ್ತಡ ಕುಸಿದಲ್ಲಿ ತಕ್ಷಣ ನಿಲ್ಲಿಸಬೇಕು. ಏರಿದ ಮುಳ್ಳು ತಾನಾಗಿಯೇ ಕೆಳಗಿಳಿಯಿತೆಂದು ಸಮಾಧಾನಪಡುವಂತಿಲ್ಲ. ಸಿಹಿನೀರು ಸೋರಿಹೋಗಿ ಸೆನ್ಸರ್ ನೀರಿನಿಂದ ಹೊರಗುಳಿದಾಗಲೂ ಮಾಪಕವು ಕಡಿಮೆ ಉಷ್ಣತೆಯನ್ನೇ ತೋರಿಸುತ್ತದೆ.

ಇದರೊಂದಿಗೆ ಎಂಜಿನ್ ಕೋಣೆಯ ತಳದಲ್ಲಿ ನೀರು ಏರುತ್ತಿದೆಯೇ ಎಂದು ನೋಡುವುದು ಅತ್ಯಗತ್ಯ. ಸಮುದ್ರದ ನೀರಿನ ಹೋಸ್ ಒಡೆದು ಎಂಜಿನ್ ಬಿಸಿಯಾಗಿದ್ದಲ್ಲಿ ಆ ನೀರೆಲ್ಲವೂ ದೋಣಿಯೊಳಗೇ ಬೀಳುತ್ತಿರುತ್ತದೆ. ಆಗ ಮೊದಲು ತಳದ ವಾಲ್ವ್ ಮುಚ್ಚಬೇಕಾಗುತ್ತದೆ.

ಬಿಸಿಯಾಗಿರುವ ಎಂಜಿನ್ನಿನ ನೀರಿನ ಮುಚ್ಚಳವನ್ನು ಯಾವ ಕಾರಣಕ್ಕೂ ತೆರೆಯಬಾರದು. ಒತ್ತಡದಲ್ಲಿರುವ ನೀರು ಮುಚ್ಚಳ ಸಡಿಲವಾದೊಡನೆ ಹಬೆಯಾಗಿ ಚಿಮ್ಮಿ ಮುಖ ಮತ್ತು ಕೈಗಳನ್ನು ಸುಡುತ್ತದೆ. ಕಾದ ಎಂಜಿನ್ನಿಗೆ ಒಮ್ಮೆಲೇ ತಣ್ಣೀರು ಸುರಿದಲ್ಲಿ ಸಿಲಿಂಡರ್ ಹೆಡ್ ಬಿರುಕು ಬಿಡುವ ಸಂಭವವಿದ್ದು, ಎಂಜಿನ್ ಸಾಕಷ್ಟು ತಣಿದ ನಂತರವೇ ಸ್ವಲ್ಪಸ್ವಲ್ಪವಾಗಿ ನೀರು ತುಂಬಿಸತಕ್ಕದ್ದು. ಸಿಹಿನೀರು ಇಲ್ಲದ ತುರ್ತು ಸಂದರ್ಭದಲ್ಲಿ ಸಮುದ್ರದ ನೀರನ್ನು ಬಳಸಿ ದಡ ಸೇರಬಹುದಾದರೂ, ಬಂದರಿಗೆ ಬಂದೊಡನೆ ಒಳಭಾಗವನ್ನು ಸಿಹಿನೀರಿನಿಂದ ಹಲವು ಬಾರಿ ತೊಳೆಯಬೇಕು.

ಎಂಜಿನ್ ಮತ್ತೆ ನಡೆಯದಿದ್ದಲ್ಲಿ, ಆಳ ಕಡಿಮೆಯಿದ್ದರೆ ಲಂಗರು ಇಳಿಸಿ, ಜಿ.ಪಿ.ಎಸ್. ತೋರಿಸುವ ಸ್ಥಾನವನ್ನು ಬರೆದುಕೊಂಡು, ವಿ.ಎಚ್.ಎಫ್. 16ನೇ ಚಾನೆಲ್ ಮೂಲಕ ಅಥವಾ ಕರಾವಳಿ ರಕ್ಷಣಾ ಪಡೆಯ ಉಚಿತ ದೂರವಾಣಿ ಸಂಖ್ಯೆ 1554ಕ್ಕೆ ತಿಳಿಸತಕ್ಕದ್ದು.

ದೋಷವನ್ನು ಗುರುತಿಸುವುದು

ಚಾಲೂ ಮಾಡಿದ ಕೆಲವೇ ನಿಮಿಷಗಳಲ್ಲಿ ಎಂಜಿನ್ ಕಾದಲ್ಲಿ ನೀರು ಹರಿಯುತ್ತಲೇ ಇಲ್ಲವೆಂದು ಊಹಿಸಬಹುದು. ವೇಗ ಹೆಚ್ಚಿದಂತೆ ನಿಧಾನವಾಗಿ ಕಾದಲ್ಲಿ ಹಾದಿಯು ಭಾಗಶಃ ಕಟ್ಟಿಕೊಂಡಿರುವ ಸಾಧ್ಯತೆ ಹೆಚ್ಚು. ಬಲೆ ಎಳೆಯುವಾಗ ಮಾತ್ರ ಕಾದಲ್ಲಿ ಕಟ್ಟಿಕೊಂಡ ಹೀಟ್ ಎಕ್ಸ್‌ಚೇಂಜರ್ ಅಥವಾ ಎಂಜಿನ್ನಿನ ಮೇಲಿನ ಹೊರೆ ಕಾರಣವಾಗಿರುತ್ತದೆ.

ಹೊರಬೀಳುವ ನೀರು ಕಡಿಮೆಯಾಗಿದ್ದಲ್ಲಿ, ತಳದ ವಾಲ್ವ್ ತೆರೆದಿದೆಯೇ ಎಂದು ಖಚಿತಪಡಿಸಿಕೊಳ್ಳಬೇಕು. ಮಂಗಳೂರಿನ ಧಕ್ಕೆಯಂತೆ ನದಿಯೊಳಗಿರುವ ಬಂದರುಗಳಿಂದ ಅಳಿವೆ ದಾಟುವ ದೋಣಿಗಳು ಕೆಸರು, ಮರಳು ಹಾಗೂ ಪ್ಲಾಸ್ಟಿಕ್ ಚೀಲಗಳನ್ನು ಹೀರಿಕೊಳ್ಳುವುದುಂಟು. ಪ್ಲಾಸ್ಟಿಕ್ ಚೀಲವು ಎಂಜಿನ್ ನಿಲ್ಲಿಸಿದಾಗ ಹೀರುಬಾಯಿಯಿಂದ ಕಳಚಿ, ಚಾಲೂ ಮಾಡಿದಾಗ ಮತ್ತೆ ಅಂಟಿಕೊಳ್ಳುವುದರಿಂದ ಈ ದೋಷವು ಕೈಗೆ ಸಿಗದೆ ಬಹಳ ಕಾಡುತ್ತದೆ. ಸ್ಟ್ರೈನರಿನ ಜಾಲರಿಯನ್ನು ಶುಚಿಗೊಳಿಸುವ ಮೊದಲು ವಾಲ್ವ್ ಮುಚ್ಚಿ, ನಂತರ ಮರೆಯದೆ ತೆರೆಯಬೇಕು. ಅದರ ಮುಚ್ಚಳದ ಗ್ಯಾಸ್ಕೆಟ್ ಸವೆದಿದ್ದಲ್ಲಿ ಪಂಪು ನೀರಿಗೆ ಬದಲಾಗಿ ಗಾಳಿಯನ್ನು ಎಳೆಯುತ್ತದೆ.

ಮುಂದಿನದು ಪಂಪಿನ ರಬ್ಬರ್ ಇಂಪೆಲ್ಲರ್. ನೀರಿಲ್ಲದೆ ಅಲ್ಪಕಾಲ ತಿರುಗಿದರೂ ಇದರ ಎಲೆಗಳು ಸುಟ್ಟು ಹರಿಯುತ್ತವೆ. ಹೊಸ ಇಂಪೆಲ್ಲರ್ ಹಾಕಿದಲ್ಲಿಗೆ ಕೆಲಸ ಮುಗಿಯುವುದಿಲ್ಲ: ಹರಿದ ಎಲೆಗಳ ತುಂಡುಗಳನ್ನು ಎಣಿಸಿ, ಸಿಗದೇ ಇರುವುದನ್ನು ಮುಂದಿನ ಕೊಳವೆಯಲ್ಲಿ ಮತ್ತು ಹೀಟ್ ಎಕ್ಸ್‌ಚೇಂಜರಿನ ಬಾಯಿಯಲ್ಲಿ ಹುಡುಕಿ ತೆಗೆಯತಕ್ಕದ್ದು. ಇಲ್ಲವಾದಲ್ಲಿ ಹೊಸ ಇಂಪೆಲ್ಲರ್ ಇದ್ದಾಗ್ಯೂ ಎಂಜಿನ್ ಕಾಯುವುದು ತಪ್ಪುವುದಿಲ್ಲ. ಒಂದು ಹೆಚ್ಚುವರಿ ಇಂಪೆಲ್ಲರ್ ಹಾಗೂ ಒಂದು ಬೆಲ್ಟನ್ನು ದೋಣಿಯಲ್ಲಿ ಇರಿಸಿಕೊಳ್ಳುವುದು ಅಲ್ಪ ವೆಚ್ಚದ ಮುಂಜಾಗ್ರತೆ.

ಹೊರಗಿನ ನೀರು ಸರಿಯಿದ್ದಲ್ಲಿ ಸಿಹಿನೀರಿನ ಮಟ್ಟ, ಬೆಲ್ಟಿನ ಬಿಗುವು ಹಾಗೂ ಥರ್ಮೋಸ್ಟಾಟನ್ನು ನೋಡಬೇಕು. ಎಂಜಿನ್ ಕಾದಾಗಲೆಲ್ಲ ಥರ್ಮೋಸ್ಟಾಟನ್ನೇ ಕಿತ್ತುಹಾಕುವ ಪದ್ಧತಿಯು ದುರಸ್ತಿಯೆನಿಸುವುದಿಲ್ಲ. ಕೆಲವು ಎಂಜಿನ್ನುಗಳಲ್ಲಿ ಅದನ್ನು ತೆಗೆದಾಗ ನೀರು ತಂಪಾಗುವ ಹಾದಿಯನ್ನು ಬಿಟ್ಟು ಅಡ್ಡದಾರಿಯಲ್ಲಿ ಸುತ್ತುವುದರಿಂದ ಉಷ್ಣತೆ ಇನ್ನಷ್ಟು ಏರುತ್ತದೆ. ಹೀಟ್ ಎಕ್ಸ್‌ಚೇಂಜರಿನ ಕೊಳವೆಗಳಲ್ಲಿ ಕಟ್ಟಿದ ಉಪ್ಪು ಮತ್ತು ಕೆಸರನ್ನು ಮರದ ಅಥವಾ ಮೃದುಲೋಹದ ಕಡ್ಡಿಯಿಂದ ತೆಗೆಯಬೇಕು. ಆಮ್ಲ ಬಳಸುವುದಿದ್ದಲ್ಲಿ ಅನುಭವಸ್ಥ ಮೆಕ್ಯಾನಿಕ್ ಮೂಲಕವೇ ಮಾಡಿಸುವುದು ಸೂಕ್ತ. ಅದರಲ್ಲಿರುವ ಸತುವಿನ ತುಂಡು ಅರ್ಧದಷ್ಟು ಸವೆದಾಗ ಬದಲಿಸತಕ್ಕದ್ದು.

ಸಿಹಿನೀರಿನ ತೊಟ್ಟಿಯಲ್ಲಿ ಎಡೆಬಿಡದೆ ಗುಳ್ಳೆ ಏಳುತ್ತಿದ್ದಲ್ಲಿ ಹೆಡ್ ಗ್ಯಾಸ್ಕೆಟ್ ಹೋಗಿರುವ ಅಥವಾ ಹೆಡ್ ಬಿರುಕು ಬಿಟ್ಟಿರುವ ಸಂಶಯವಿದೆ. ಆಯಿಲ್ ಹಾಲಿನಂತಾಗಿದ್ದಲ್ಲಿ ಅದಕ್ಕೆ ನೀರು ಬೆರೆತಿರುತ್ತದೆ. ಅಂತಹ ಎಂಜಿನ್ನನ್ನು ನಡೆಸದೆ ಕಾರ್ಯಾಗಾರಕ್ಕೆ ಒಪ್ಪಿಸಬೇಕು. ನೀರಿನ ಹಾದಿಯೆಲ್ಲ ಸರಿಯಿದ್ದು ಕಪ್ಪು ಹೊಗೆ ಬರುತ್ತಿದ್ದಲ್ಲಿ ಪ್ರೊಪೆಲ್ಲರಿಗೆ ಸುತ್ತಿದ ಹಗ್ಗ ಅಥವಾ ಬಲೆ, ತಳಕ್ಕೆ ಅಂಟಿದ ಚಿಪ್ಪುಜೀವಿಗಳು, ಇಂಜೆಕ್ಟರ್ ದೋಷ ಇವುಗಳನ್ನು ಪರಿಶೀಲಿಸುವುದು.

ನಿಷೇಧ ಅವಧಿಯಲ್ಲಿ ನಿರ್ವಹಣೆ

ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ಮೀನುಗಾರಿಕೆ ನಿಷೇಧ ಅವಧಿಯು ಈ ಕೆಲಸಗಳಿಗೆ ಯೋಗ್ಯವಾಗಿದೆ. ಎರಡು ತಿಂಗಳು ನಿಂತ ದೋಣಿಯಲ್ಲಿ ಇಂಪೆಲ್ಲರಿನ ಎಲೆಗಳು ಒಂದೇ ಕಡೆ ಬಾಗಿ ಗಟ್ಟಿಯಾಗಿರುತ್ತವೆ. ಹೀರುಬಾಯಿಯಲ್ಲಿ ಚಿಪ್ಪು ಬೆಳೆದಿರುತ್ತದೆ. ಆದ್ದರಿಂದ ಋತುವಿನ ಮೊದಲ ಪ್ರಯಾಣಕ್ಕೆ ಮುಂಚೆ ಎಂಜಿನ್ನನ್ನು ಬಂದರಿನಲ್ಲಿಯೇ ನಡೆಸಿ ನೋಡುವುದು ಒಳ್ಳೆಯದು.

ವಿಮೆ ಇದೆಯೆಂಬ ಧೈರ್ಯದಿಂದ ನಿರ್ವಹಣೆಯನ್ನು ಮುಂದೂಡುವುದು ಲೆಕ್ಕಾಚಾರದ ದೃಷ್ಟಿಯಿಂದಲೂ ಸರಿಯಲ್ಲ. ಸಾಗರ ವಿಮಾ ಕಾಯ್ದೆ 1963ರ 55ನೇ ಕಲಮಿನ ಪ್ರಕಾರ, ಪಾಲಿಸಿಯಲ್ಲಿ ಬೇರೆ ರೀತಿ ನಮೂದಿಸದ ಹೊರತು, ಸಾಮಾನ್ಯ ಸವೆತಕ್ಕಾಗಲಿ, ಸಮುದ್ರದ ಅಪಾಯದಿಂದ ನೇರವಾಗಿ ಉಂಟಾಗದ ಯಂತ್ರಹಾನಿಗಾಗಲಿ ವಿಮಾದಾರರು ಹೊಣೆಯಾಗುವುದಿಲ್ಲ. ಇಂಪೆಲ್ಲರ್ ಸವೆದು ಎಂಜಿನ್ ಸುಟ್ಟಲ್ಲಿ ಪರಿಹಾರ ದೊರೆಯದೇ ಹೋಗಬಹುದು. ಪಾಲಿಸಿಯ ಷರತ್ತುಗಳನ್ನು ನವೀಕರಣದ ವೇಳೆಯಲ್ಲಿಯೇ ಓದಿಕೊಳ್ಳತಕ್ಕದ್ದು.

ದುರಸ್ತಿ ಸಾಧ್ಯವಾಗದೆ ಎಂಜಿನ್ನನ್ನೇ ಬದಲಿಸಿದಲ್ಲಿ, ದೋಣಿಯ ದಾಖಲೆಗಳಲ್ಲಿ ನಮೂದಾಗಿರುವ ಎಂಜಿನ್ ಸಂಖ್ಯೆ ಹಾಗೂ ಅಶ್ವಶಕ್ತಿಯ ವಿವರ ತಾಳೆಯಾಗುವುದಿಲ್ಲ. ಆದ ಕಾರಣ ಮಾಲೀಕರು ಹೊಸ ಎಂಜಿನ್ನಿನ ಖರೀದಿ ಬಿಲ್ಲು ಹಾಗೂ ದೋಣಿಯ ಮೂಲ ದಾಖಲೆಗಳೊಂದಿಗೆ ಸಂಬಂಧಪಟ್ಟ ಮೀನುಗಾರಿಕೆ ಸಹಾಯಕ ನಿರ್ದೇಶಕರ ಕಚೇರಿಯನ್ನು ಸಂಪರ್ಕಿಸಿ, ತಿದ್ದುಪಡಿಯ ಬಗ್ಗೆ ವಿಚಾರಿಸಿಕೊಳ್ಳುವುದು.